ನೀರುಗಂಟಿ ಪಾಲು

ಹೊಸಕಟ್ಟೆಪಾಳ್ಯ, ಗುಬ್ಬಿ ತಾಲ್ಲೂಕು
೯ ಸೆಪ್ಟೆಂಬರ್ ೨೦೨೪

ಸುಧಾ ಮಗಳೇ,

ಕಿವಿಯೊಂದನ್ನು ಬಿಟ್ಟರೆ ನಿನ್ನ ಸೋದರಮಾವನ ಮಿಕ್ಕ ಸಾಮಾನೆಲ್ಲ ನೆಟ್ಟಗಿದೆ. ತುಮಕೂರಿನ ಡಾಕ್ಟರು ಕೊಟ್ಟ ಕಿವಿ ಮಿಷನ್ನು ಹಾಕಿಕೊಂಡರೆ ಕಾಗೆ ಕೂಗಿದ್ದು ಲಾರಿ ಹಾರನ್ನಿನಂತೆ ಕೇಳುತ್ತದೆ, ನಿಮ್ಮತ್ತೆ ಸಿದ್ದಲಕ್ಷ್ಮಮ್ಮ ಕೂಗಿದ್ದು ಮಾತ್ರ ಕೇಳುವುದಿಲ್ಲ. ಇಂಥ ಒಳ್ಳೆಯ ಮಿಷನ್ನು ಸವೆಯಬಾರದೆಂದು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದಕ್ಕೇ ಫೋನು ಬೇಡ, ಕಾಗದ ಬರಿ ಎನ್ನುವುದು. ನೀನು ಕುಣಿಗಲ್ಲಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಮೇಡಮ್ಮಾದರೂ ಅಕ್ಷರದಲ್ಲಿ ನನ್ನನ್ನು ಮೀರಿಸಲಾರೆ. ಓದಿದ್ದು ಏಳನೇ ಕ್ಲಾಸು, ಆದರೆ ಇಡೀ ಶಾಲೆಯ ಹಾಜರಿ ಪುಸ್ತಕವನ್ನು ಮೇಷ್ಟ್ರು ನನ್ನ ಕೈಲೇ ಬರೆಸುತ್ತಿದ್ದರು.

ಗೌರಿ ಬಾಗಿನದ ಜೊತೆ ಅಕ್ಕನಿಗೆ ಒಂದು ಮೂಟೆ ಕಾಯಿಯನ್ನು ಕುಣಿಗಲ್ ಬಸ್ಸಿಗೆ ಹಾಕಿದ್ದೆ. ಬಂತೋ? ತವರಿನ ಕಾಯಿಯ ಚಟ್ನಿ ಇಲ್ಲದಿದ್ದರೆ ನಿಮ್ಮಮ್ಮನ ಗಂಟಲಲ್ಲಿ ರಾಗಿಮುದ್ದೆ ಇಳಿಯುವುದಿಲ್ಲ, ನನಗೆ ಗೊತ್ತು.

ಈಗ ದೊಡ್ಡ ಸುದ್ದಿ ಕೇಳು. ವಿಧಾನಸೌಧದಲ್ಲಿ ಕಾಲುವೆಗೆ ಹೊಸ ಕಾಯ್ದೆ ಮಾಡಿದ್ದಾರೆ. ಹೇಮಾವತಿ ಕಾಲುವೆಗೆ ಪರ್ಮಿಷನ್ ಇಲ್ಲದೆ ಪೈಪು ಬಿಟ್ಟರೆ ಮೋಟಾರು ಜಪ್ತಿ, ಕೇಸು, ಜೈಲು. ಕೊನೆಯ ಹಳ್ಳಿಯವರೆಗೂ ನೀರು ಮುಟ್ಟಬೇಕಂತೆ. ಮುಟ್ಟಲಿ, ಬೇಡ ಎಂದವರು ಯಾರು? ಆದರೆ ಕಾಲುವೆ ನಮ್ಮ ತೋಟದ ಬೇಲಿಗೆ ಮೈ ಉಜ್ಜಿಕೊಂಡೇ ಹೋಗುತ್ತದೆ. ಅಷ್ಟು ಹತ್ತಿರ ಬಂದವರನ್ನು ಮಾತಾಡಿಸದೆ ಕಳಿಸುವುದು ನಮ್ಮ ಮನೆತನದಲ್ಲಿಲ್ಲ.

ಅದಕ್ಕೇ ಒಂದು ಕಿತಾಪತಿ ಮಾಡಿದೆ. ಪೈಪು ಏರಿಯ ಕೆಳಗೆ ನುಸುಳುವ ಜಾಗದಲ್ಲಿ ಒಂದು ಕಲ್ಲು ನೆಟ್ಟು, ಅರಿಶಿನ ಕುಂಕುಮ ಬಳಿದು, ನಾಲ್ಕು ನಿಂಬೆಹಣ್ಣು ಇಟ್ಟೆ. ಮೂರು ವಾರದೊಳಗೆ ಅದಕ್ಕೆ ಏರಿ ಮುನಿಯಪ್ಪ ಎಂದು ಹೆಸರು ಬಿತ್ತು. ಪಕ್ಕದ ತೋಟದ ತಿಪ್ಪಯ್ಯನ ಹೆಂಡತಿ ಸೊಂಟನೋವಿಗೆ ಹರಕೆ ಹೊತ್ತಿದ್ದಾಳೆ. ಕಡಿಮೆಯೂ ಆಗಿದೆಯಂತೆ!

ಮೊನ್ನೆ ಹಬ್ಬದ ಹಿಂದಿನ ದಿನ ಕಳ್ಳ ಮೋಟಾರು ಹಿಡಿಯುವ ಸ್ಕ್ವಾಡಿನ ಜೀಪು ಬಂತು. ಸಾಹೇಬರ ಬಾಯಿ ಅಲ್ಲಾಡಿದ್ದು ನೋಡಿಯೇ ನನಗೆ ಅರ್ಥವಾಯಿತು. “ಏನಜ್ಜ, ಮೋಟ್ರು ಎಲ್ಲಿಟ್ಟಿದೀಯಾ?” “ಮೋಟ್ರು ಎಲ್ಲದೆ ಸ್ವಾಮಿ, ಇಲ್ಲಿ ಮುನಿಯಪ್ಪ ಅವ್ನೆ, ಚಪ್ಲಿ ಬುಟ್ಬುಟ್ಟು ಬನ್ನಿ,” ಎಂದೆ. ಬಿಟ್ಟರು ಕಣೇ! ಸಾಲಾಗಿ ನಿಂತು ಕೈ ಮುಗಿದರು. ಹೋಗುವಾಗ ಸಾಹೇಬರು ಒಂದು ಹಾಳೆ ಕೊಟ್ಟು ನಾಲ್ಕು ಸಾಲು ಬರೆದುಕೊಡಿ ಎಂದರು. ಬರೆದುಕೊಟ್ಟೆ. ನನ್ನ ಅಕ್ಷರ ನೋಡಲು ಜೀಪಿನವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದರು.

ನಿನ್ನ ಗಂಡ ಮೋಹನ್‌ಕುಮಾರನಿಗೂ ಇದನ್ನು ಹೇಳು, ನಗಲಿ. ಈ ಸಲ ನಮ್ಮ ಗುಬ್ಬಿ ಕಡೆಯ ಕಾಲುವೆಗೇ ಅವನಿಗೆ ಡ್ಯೂಟಿ ಬಿದ್ದದ್ದು ನನ್ನ ಪುಣ್ಯ. ಈಗಿನವರು ಸೌಡಿ ಅನ್ನುತ್ತಾರೆ, ನನಗೆ ಮಾತ್ರ ಅವನು ನೀರುಗಂಟಿಯೇ. ನಮ್ಮ ಅಜ್ಜನ ಕಾಲದಲ್ಲಿ ಕೆರೆ ತೂಬು ಎತ್ತುವ ನೀರುಗಂಟಿಗೆ ಪ್ರತಿ ಹೊಲದವರೂ ಕೊಯ್ಲಿನಲ್ಲಿ ಪಾಲು ಹೊತ್ತುಕೊಂಡು ಹೋಗಿ ಕೊಡುತ್ತಿದ್ದರು, ಅಂಥ ಮರ್ಯಾದೆ. ಹದಿನಾಲ್ಕು ವರ್ಷ ದಿನಗೂಲಿ ಮಾಡಿದ್ದಾನೆ, ಖಾಯಂ ಮಾಡುವ ಪಟ್ಟಿಯಲ್ಲಿ ಹೆಸರಿದೆ ಎಂದು ಬರೆದಿದ್ದೆಯಲ್ಲ, ಆರ್ಡರು ಬಂದ ದಿನ ನಾನು ತಮಟೆಯವರ ಜೊತೆ ಕುಣಿಗಲ್ಲಿಗೆ ಇಳಿಯುತ್ತೇನೆ.

ನಿನ್ನ ಮಾವ,
ಪುಟ್ಟರಂಗಯ್ಯ


ಕುಣಿಗಲ್
೨೨ ಸೆಪ್ಟೆಂಬರ್ ೨೦೨೪

ಮಾವ,

ಕಾಯಿ ಮೂಟೆ, ಬಾಗಿನ ಎರಡೂ ಬಂದವು. ಅಮ್ಮ ಪ್ರತಿ ಕಾಯಿಯನ್ನೂ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, “ನಮ್ಮ ಪುಟ್ಟರಂಗ ನೀರಿರೋ ಕಾಯೇ ಕಳ್ಸವ್ನೆ” ಎಂದರು.

ಇವರು ಹತ್ತು ದಿನದಿಂದ ಮನೆಯಲ್ಲೇ ಇದ್ದಾರೆ. ಸ್ವಲ್ಪ ರಜೆ ಎಂದು ಅಮ್ಮನಿಗೆ ಹೇಳಿದ್ದೇವೆ. ಹದಿನಾಲ್ಕು ವರ್ಷದಲ್ಲಿ ನೀರು ಬಿಟ್ಟ ಸಮಯದಲ್ಲಿ ಇವರು ಒಂದು ದಿನವೂ ಮನೆಯಲ್ಲಿ ಕೂತವರಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಟಾರ್ಚು, ಕೋಲು ತೆಗೆದುಕೊಂಡು ಬಾಗಿಲವರೆಗೆ ಹೋಗಿ ವಾಪಸು ಬರುತ್ತಾರೆ.

ನಿಮ್ಮ ಮುನಿಯಪ್ಪನ ಕತೆ ಇವರಿಗೆ ಓದಿ ಹೇಳಿದೆ. ನಗಲಿಲ್ಲ. ಸಾಹೇಬರಿಗೆ ನೀವು ಬರೆದುಕೊಟ್ಟ ನಾಲ್ಕು ಸಾಲು ಏನು ಎಂದು ಕೇಳಿದರು. ಮಾವ, ನೆನಪಿದ್ದರೆ ಒಂದಕ್ಷರ ಬಿಡದೆ ಬರೆದು ಕಳಿಸಿ. ಬೇಗ ಕಳಿಸಿ. ಒಂದು ಕಾರಣಕ್ಕೆ ಬೇಕಾಗಿದೆ.

ಅತ್ತೆಯನ್ನು ಕೇಳಿದೆನೆಂದು ಹೇಳಿ.

ಸುಧಾ


ಹೊಸಕಟ್ಟೆಪಾಳ್ಯ
೩ ಅಕ್ಟೋಬರ್ ೨೦೨೪

ಸುಧಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕಳ್ಳಿ! ಮಾವನಿಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ನೀರಿನ ಸೀಸನ್ನಿನಲ್ಲಿ ಯಾರಾದರೂ ಸೌಡಿಗೆ ರಜೆ ಕೊಡುತ್ತಾರೆಯೇ? ಖಾಯಂ ಆರ್ಡರು ಟೈಪಾಗುತ್ತಿದೆ, ಅಲ್ಲಿಯವರೆಗೆ ಮನೆಯಲ್ಲಿರು ಎಂದು ಮೇಲಿನವರು ಕಳಿಸಿದ್ದಾರೆ. ಕೈಗೆ ಬರುವವರೆಗೆ ಬಾಯಿ ಬಿಡಬಾರದೆಂದು ನೀವು ಗುಟ್ಟು ಮಾಡುತ್ತಿದ್ದೀರಿ. ಇರಲಿ, ನಾನೂ ಯಾರಿಗೂ ಹೇಳಿಲ್ಲ. ತಿಪ್ಪಯ್ಯನಿಗೆ ಮಾತ್ರ ಹೇಳಿದ್ದೇನೆ. ಮತ್ತೆ ಟೀ ಅಂಗಡಿಯಲ್ಲಿ ಇದ್ದವರಿಗೆ.

ನಾನು ಬರೆದುಕೊಟ್ಟದ್ದು ಯಾಕೆ ಬೇಕು ನಿನಗೆ? ಏನೋ ನಾಲ್ಕು ಸಾಲು. ಊರು, ಹೆಸರು, ಸರ್ವೆ ನಂಬರು, ಇಂಥವು. ಅಕ್ಷರ ಮಾತ್ರ ಚೆನ್ನಾಗಿ ಬಂದಿತ್ತು.

ಟೀ ಅಂಗಡಿಯಲ್ಲಿ ಈಗ ದಿನವೂ ನದಿ ವಿಚಾರವೇ. ನಾನು ಎದ್ದು ನಿಂತು ಹೇಳಿದೆ: “ಹೇಮಾವತಿ ಹೋಗಿ ಕಾವೇರಿಗೆ ಸೇರ್ತಾಳೆ, ಕಾವೇರಿ ಹೋಗಿ ತಮಿಳ್ನಾಡ್ ಸೇರ್ತಾಳೆ. ನಾನೊಂದ್ ಪೈಪ್ ಇಕ್ಕಿದ್ರೆ ಅಷ್ಟು ನೀರು ಕರ್ನಾಟಕದಲ್ಲೇ ಉಳೀತದೆ ಕಣ್ರಲಾ. ನಾನು ಮಾಡ್ತಿರೋದು ದೇಶಸೇವೆ!” ಅಂಗಡಿಯವನು ಒಂದು ಟೀ ಹೆಚ್ಚಿಗೆ ಕೊಟ್ಟ.

ದೀಪಾವಳಿಗೆ ಮೋಹನನನ್ನು ಕರೆದುಕೊಂಡು ಬಾ. ಖಾಯಂ ಆದ ಅಳಿಯನನ್ನು ಏರಿ ಮೇಲೆ ಒಂದು ಸುತ್ತು ನಡೆಸಬೇಕು, ಜನ ನೋಡಲಿ.

ಪುಟ್ಟರಂಗಯ್ಯ


ಕುಣಿಗಲ್
೧೦ ನವೆಂಬರ್ ೨೦೨೪

ಮಾವ,

ದೀಪಾವಳಿಗೆ ಬರಲಿಲ್ಲವೆಂದು ಅತ್ತೆ ಬೇಜಾರು ಮಾಡಿಕೊಂಡಿರಬಹುದು. ಬರುವ ಸ್ಥಿತಿ ಇರಲಿಲ್ಲ.

ಇವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಸೆಪ್ಟೆಂಬರ್ ಹನ್ನೆರಡರಿಂದ. ವಿಚಾರಣೆ ಮುಗಿಯುವವರೆಗೆ ಕಾಲುವೆ ಮೇಲೆ ಕಾಲಿಡುವ ಹಾಗಿಲ್ಲ. ಖಾಯಂ ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಕೆಂಪು ಗೆರೆ ಬಿದ್ದಿದೆ.

ನಿಮಗೆ ನೆನಪಾಗದ ನಾಲ್ಕು ಸಾಲನ್ನು ನಾನು ನೀರಾವರಿ ಕಚೇರಿಯಲ್ಲಿ ಕಣ್ಣಾರೆ ನೋಡಿ ನಕಲು ಮಾಡಿಕೊಂಡು ಬಂದೆ. ಅದು ಹೀಗಿದೆ: “ಈ ಮೋಟಾರನ್ನು ನಾನು ನಮ್ಮ ಅಳಿಯ ಮೋಹನ್‌ಕುಮಾರನ ಒಪ್ಪಿಗೆಯಿಂದಲೇ ನಡೆಸುತ್ತಿದ್ದೇನೆ. ಅವನು ಈ ಕಾಲುವೆಯ ನೀರುಗಂಟಿ. ಅವನ ಪಾಲು ವರ್ಷ ವರ್ಷವೂ ತಪ್ಪದೆ ಒಂದು ಮೂಟೆ ತೆಂಗಿನಕಾಯಿ ಅವನ ಮನೆಗೆ ಮುಟ್ಟುತ್ತದೆ. ಬೇಕಾದರೆ ಅವನನ್ನೇ ಕೇಳಿ.” ಕೆಳಗೆ ನಿಮ್ಮ ಸಹಿ. ಅಕ್ಷರ ನಿಜವಾಗಿಯೂ ಚೆನ್ನಾಗಿದೆ ಮಾವ.

ಅವರು ಇದನ್ನು ಲಂಚ ಎನ್ನುತ್ತಿದ್ದಾರೆ. ಅಮ್ಮನಿಗೆ ನೀವು ಕಳಿಸುವ ತವರಿನ ಕಾಯಿಯನ್ನು.

ಇವರು ಗೌರಿ ಹಬ್ಬದ ಹಿಂದಿನ ತಿಂಗಳು ನಿಮ್ಮ ಮನೆಗೆ ಮೂರು ಸಲ ಬಂದು “ಪೈಪ್ ತೆಗೀರಿ ಮಾವ” ಎಂದಿದ್ದರಂತೆ. ನೀವು ಒಂದು ಸಲವೂ ನನಗೆ ಬರೆಯಲಿಲ್ಲ. ನಿಮ್ಮ ಕಡೆಯ ಅಕ್ರಮ ಪೈಪುಗಳ ಪಟ್ಟಿಯನ್ನು ಕಚೇರಿಗೆ ಬರೆದುಕೊಡುವಾಗ ತಿಪ್ಪಯ್ಯನವರದ್ದನ್ನೂ ಬರೆದರು. ನಿಮ್ಮದೊಂದನ್ನು ಬರೆಯಲಿಲ್ಲ. ಇಷ್ಟು ವರ್ಷದಲ್ಲಿ ಇವರು ಮಾಡಿದ ತಪ್ಪು ಅದೊಂದೇ.

ಟೀ ಅಂಗಡಿಯ ದೇಶಸೇವೆಯ ಬಗ್ಗೆಯೂ ಒಂದು ಮಾತು. ಎರಡು ರಾಜ್ಯಗಳಿಗೆ ಎಷ್ಟೆಷ್ಟು ಎಂದು ತೀರ್ಪಾಗಿದೆ. ನಮ್ಮ ರಾಜ್ಯದ ಪಾಲಿನಲ್ಲಿ ಈ ಕಾಲುವೆಗೆ ಇಷ್ಟು ಎಂದು ಬಿಡುತ್ತಾರೆ. ನಿಮ್ಮ ಪೈಪು ಕುಡಿಯುವುದು ತಮಿಳುನಾಡಿನ ನೀರಲ್ಲ, ನಿಮ್ಮ ಅಕ್ಕನ ಊರಿನ ನೀರು. ನಮ್ಮ ತುದಿಗೆ ಮೂರು ವರ್ಷದಿಂದ ಅದು ಬಂದಿಲ್ಲ. ಈ ಕಾಯ್ದೆ ಬಂದಾಗ ಇವರು ಮಕ್ಕಳ ಹಾಗೆ ಖುಷಿಪಟ್ಟಿದ್ದರು.

ನೀವು ವಿಚಾರಣೆಗೆ ಬಂದು, ಬರೆದದ್ದು ಸುಳ್ಳು ಎಂದು ಹೇಳಬೇಕು. ಅಮ್ಮನಿಗೆ ಇನ್ನೂ ಏನೂ ಗೊತ್ತಿಲ್ಲ.

ಸುಧಾ


ಹೊಸಕಟ್ಟೆಪಾಳ್ಯ
೨ ಜನವರಿ ೨೦೨೫

ಸುಧಾ,

ಉತ್ತರ ತಡವಾಯಿತು. ಕಾಯಿ ಕೀಳಿಸುವ ಕೆಲಸವಿತ್ತು, ಆಮೇಲೆ ನಿಮ್ಮತ್ತೆಗೆ ಮಂಡಿನೋವು, ಆಮೇಲೆ ಪೆನ್ನಿನ ರೀಫಿಲ್ಲು ಸಿಗಲಿಲ್ಲ.

ಲಂಚ ಎಂದು ನಾನು ಎಲ್ಲಿ ಬರೆದಿದ್ದೇನೆ? ಪಾಲು ಎಂದು ಬರೆದಿದ್ದೇನೆ. ಪಾಲು ಬೇರೆ, ಲಂಚ ಬೇರೆ. ನೀರುಗಂಟಿಗೆ ಪಾಲು ಕೊಡುವುದು ಊರಿನ ಪದ್ಧತಿ. ಅದು ಗೊತ್ತಿಲ್ಲದವರು ಸಾಹೇಬರಾಗಿ ಕುಳಿತರೆ ನಾನೇನು ಮಾಡಲಿ? ಅವನ ಮರ್ಯಾದೆ ಹೆಚ್ಚಿಸಲು ನಾನು ಹಾಗೆ ಬರೆದದ್ದು. ತಿಪ್ಪಯ್ಯನೂ ಅವನ ತಮ್ಮಂದಿರೂ ಅಲ್ಲೇ ನಿಂತಿದ್ದರು. ಅವರೆದುರು ನನ್ನ ಅಳಿಯ ಇಂಥವನು ಎಂದು ತೋರಿಸಬೇಡವೇ?

ಬರೆದದ್ದು ಸುಳ್ಳು ಎನ್ನು ಎಂದು ಸಲೀಸಾಗಿ ಹೇಳಿಬಿಟ್ಟೆ. ಹಾಗೆ ಹೇಳಿದರೆ ಹೊಸ ಕಾಯ್ದೆಯ ಕೇಸು ಪೂರ್ತಿ ನನ್ನ ತಲೆಗೆ ಸುತ್ತಿಕೊಳ್ಳುತ್ತದೆ. ಅರವತ್ತಾರು ವರ್ಷದವನು ಗುಬ್ಬಿ ಕೋರ್ಟಿನ ಕಟ್ಟೆಯಲ್ಲಿ ಕೈಕಟ್ಟಿ ನಿಲ್ಲಬೇಕೇ? ಇಡೀ ಊರಿಗೆ ನ್ಯಾಯ ಹೇಳುವವನು ನಾನು.

ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೋಬೇಡ. ಪಟ್ಟಿಯಲ್ಲಿ ನನ್ನ ಹೆಸರು ಬಿಡು ಎಂದು ನಾನು ಅವನ ಕೈಕಾಲು ಹಿಡಿದಿದ್ದೆನೇ? ಬಿಟ್ಟದ್ದು ಅವನು. ಅವನ ತಪ್ಪಿಗೆ ನನ್ನ ಅಕ್ಷರವನ್ನು ಯಾಕೆ ಬೈಯುತ್ತೀಯೆ?

ಗುಬ್ಬಿಯಲ್ಲಿ ನನಗೆ ದೊಡ್ಡವರ ಪರಿಚಯವಿದೆ. ಒಂದು ಮಾತು ಹಾಕಿಸುತ್ತೇನೆ. ಎಲ್ಲ ಸರಿಹೋಗುತ್ತದೆ ಬಿಡು. ಅಕ್ಕನಿಗೆ ಹೇಳಬೇಡ.

ಪುಟ್ಟರಂಗಯ್ಯ


ಕುಣಿಗಲ್
೨೦ ಜನವರಿ ೨೦೨೫

ಮಾವನವರಿಗೆ,

ನಿಮ್ಮ ಕಾಗದ ಬಂದಾಗ ಅಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅಂಚೆಯವರ ಕೈಯಿಂದ ತಾವೇ ತೆಗೆದುಕೊಂಡರು. “ನನ್ ತಮ್ಮಂದು. ಓದ್ ಹೇಳು,” ಎಂದರು. ಇಷ್ಟು ದಿನ ನಾನು ಬೇಕಾದ್ದನ್ನು ಓದಿ ಬೇಡವಾದ್ದನ್ನು ಬಿಡುತ್ತಿದ್ದೆ. ಆ ದಿನ ಬಿಡಲಿಲ್ಲ. ನಿಮ್ಮ ಕಾಗದವನ್ನೂ ಓದಿದೆ, ಕಚೇರಿಯಿಂದ ತಂದ ನಾಲ್ಕು ಸಾಲನ್ನೂ ಓದಿದೆ.

ಅಮ್ಮ ಮೊರದಲ್ಲಿದ್ದ ಅವರೆಕಾಯಿಯನ್ನೆಲ್ಲ ಬಿಡಿಸಿ ಮುಗಿಸಿದರು. ಆಮೇಲೆ, “ಅವನ ಬಾಯಿ ಮೊದ್ಲಿಂದ್ಲೂ ಅಂಗೇ ಕಣೇ. ಬಾಯಿಗ್ ನಾನು ಕೋಪ ಮಾಡ್ಕಳಲ್ಲ. ನನಗ್ ಕೊಟ್ಟಿದ್ನ ಇನ್ಯಾರಿಗೋ ಕೊಟ್ಟೆ ಅಂತ ಬರ್ದುಬುಟ್ನಲ್ಲ,” ಎಂದರು. ಉಳಿದಿದ್ದ ತೆಂಗಿನಕಾಯಿಗಳನ್ನು ಮೂಟೆಗೆ ತುಂಬಿ ತಾವೇ ಹೊಲಿದರು. ನಾಳೆ ಬಸ್ಸಿಗೆ ಹಾಕುತ್ತೇನೆ. ಇನ್ನು ಮುಂದೆ ಗೌರಿ ಬಾಗಿನವೂ ಬೇಡವೆಂದು ತಿಳಿಸಲು ಹೇಳಿದ್ದಾರೆ. ತಿಳಿಸಿದ್ದೇನೆ.

ನನಗೂ ಇನ್ನು ಬರೆಯುವುದೇನೂ ಉಳಿದಿಲ್ಲ.

ಸುಧಾ


ಹೊಸಕಟ್ಟೆಪಾಳ್ಯ
೨೮ ಮಾರ್ಚ್ ೨೦೨೫

ಸುಧಾ,

ಫೆಬ್ರವರಿಯಲ್ಲಿ ಎರಡು ಕಾರ್ಡು ಬರೆದೆ, ನೀನು ಉತ್ತರ ಕೊಡಲಿಲ್ಲ. ಇದನ್ನಾದರೂ ಓದು. ಅಕ್ಕ ಹತ್ತಿರದಲ್ಲಿದ್ದರೆ ಗಟ್ಟಿಯಾಗಿ ಓದು.

ಮೂಟೆ ಬಂದ ದಿನ ನಿಮ್ಮತ್ತೆ ಅದನ್ನು ಬಿಚ್ಚಲಿಲ್ಲ. ಹಜಾರದ ಮಧ್ಯ ಇಟ್ಟು, “ನೋಡ್ಕೊಂಡ್ ಕೂತ್ಕಳಿ,” ಎಂದು ಕೈಸನ್ನೆ ಮಾಡಿ ಒಳಗೆ ಹೋದಳು. ಮೂಟೆಯ ಬಾಯಿಗೆ ಅಕ್ಕ ಹಾಕಿದ ಹೊಲಿಗೆ. ನಮ್ಮವ್ವ ಕಲಿಸಿದ್ದ ಹೊಲಿಗೆ ಅದು. ಎರಡು ತಿಂಗಳು ನೋಡಿಕೊಂಡು ಕೂತೆ.

ನಿಜ ಹೇಳುತ್ತೇನೆ. ಸ್ಕ್ವಾಡಿನವರು ಕೈ ಮುಗಿದದ್ದು ಹೌದು. ಜೀಪಿನ ಕಡೆ ತಿರುಗಿದ್ದೂ ಹೌದು. ಅಷ್ಟರಲ್ಲಿ ತ್ರೀಫೇಸ್ ಕರೆಂಟು ಬಂತು. ಮೋಟಾರಿಗೆ ಆಟೋ ಸ್ಟಾರ್ಟರ್ ಇದೆಯಲ್ಲ, ಕರೆಂಟು ಬಂದರೆ ತಾನೇ ಎದ್ದು ಓಡುತ್ತದೆ. ಬೆನ್ನ ಹಿಂದೆ ಅದು ಗುಂಯ್ ಎನ್ನುತ್ತಿದೆ, ನಾನು ಎದೆ ತಟ್ಟಿಕೊಂಡು “ಮೂರು ತಲೆಮಾರಿಂದ ಇಲ್ಲಿ ಮೋಟ್ರು ಅನ್ನೋದೇ ಇಲ್ಲ ಸ್ವಾಮಿ” ಎನ್ನುತ್ತಿದ್ದೇನೆ. ಎಲ್ಲರೂ ನಗುತ್ತಿದ್ದರು. ನನ್ನ ಮಾತಿಗೆ ನಗುತ್ತಿದ್ದಾರೆಂದು ಇನ್ನೂ ನಾಲ್ಕು ಮಾತು ಸೇರಿಸಿದೆ. ತಿಪ್ಪಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೊನೆಗೆ ಜೀಪಿನವರೊಬ್ಬರು ಕಲ್ಲು ಸರಿಸಿ, ನನ್ನ ಕೈ ಹಿಡಿದು ಪೈಪಿನ ಮೇಲೆ ಇಟ್ಟರು. ಪೈಪು ನಡುಗುತ್ತಿತ್ತು.

ಆ ನಗು ನಿಲ್ಲಿಸಬೇಕಿತ್ತು ನನಗೆ. ಬೇರೇನೂ ತೋಚಲಿಲ್ಲ. ಮೋಹನನ ಹೆಸರು ಹೇಳಿದೆ. ನಗು ನಿಂತಿತು. ಹಾಳೆ ಕೊಟ್ಟರು, ಬರೆದೆ. ಬರೆಯುವಾಗ ಖುಷಿಯಾಗಿಯೇ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಪಟ್ಟಿಯಲ್ಲಿ ಹೆಸರು ಬಿಡು ಎಂದು ನಾನು ಅವನ ಕೈ ಹಿಡಿಯಲಿಲ್ಲ ಎಂದು ಜನವರಿಯಲ್ಲಿ ಬರೆದೆನಲ್ಲ. ಹಿಡಿದಿದ್ದೆ. ಮೂರನೇ ಸಲ ಅವನು ಬಂದಾಗ ಎರಡೂ ಕೈ ಹಿಡಿದುಕೊಂಡು, “ಹಬ್ಬ ಕಳೀಲಿ ಮೋಹನ, ನಾನೇ ತೆಗೀತೀನಿ,” ಎಂದಿದ್ದೆ. ಅವನು ತಲೆ ತಗ್ಗಿಸಿಕೊಂಡು ಹೋದ.

ಈ ತಿಂಗಳ ಹದಿನೆಂಟಕ್ಕೆ ಮೋಹನನ ವಿಚಾರಣೆ ಎಂದು ಗುಬ್ಬಿಯಲ್ಲಿ ತಿಳಿಯಿತು. ಯಾರಿಗೂ ಹೇಳದೆ ಕಚೇರಿಗೆ ಹೋದೆ. ಮಿಷನ್ನು ಹಾಕಿಕೊಂಡೇ ಹೋಗಿದ್ದೆ, ಅಲ್ಲಿ ಅದು ಕಿರುಚತೊಡಗಿತು, ತೆಗೆದು ಜೇಬಿಗೆ ಹಾಕಿದೆ. ಮೋಹನ ಗೋಡೆ ಪಕ್ಕ ನಿಂತಿದ್ದ. ಬಹಳ ಇಳಿದುಹೋಗಿದ್ದಾನೆ. ನನ್ನನ್ನು ನೋಡಿ ಏನೋ ಸನ್ನೆ ಮಾಡಿದ, ಕೂತುಕೊಳ್ಳಿ ಎಂದಿರಬೇಕು. ವಿಚಾರಣೆಯ ಸಾಹೇಬರು ನನಗೆ ಕೇಳಲೆಂದು ನನ್ನ ನಾಲ್ಕು ಸಾಲನ್ನು ಕೂಗಿ ಕೂಗಿ ಓದಿದರು. ಹೊರಗೆ ಕಾರಿಡಾರಿನಲ್ಲಿ ನಿಂತವರೆಲ್ಲ ಬಾಗಿಲಿಗೆ ಬಂದು ಇಣುಕಿದರು. ನನ್ನ ಮಾತನ್ನು ಅಷ್ಟು ಜನ ಕೇಳಿದ್ದು ಅದೇ ಮೊದಲು. ನೆಲ ಬಿರಿಯಬಾರದೇ ಎನ್ನಿಸಿತು.

ನಾನು ಹೇಳಿದೆ: “ಅದು ಸುಳ್ಳು ಸ್ವಾಮಿ. ಕಾಯಿ ನಮ್ಮಕ್ಕಂಗೆ ಕಳ್ಸಿದ್ದು. ಅವನು ಒಪ್ಪಿಗೆ ಕೊಡ್ಲಿಲ್ಲ. ಒಂದಲ್ಲ ಮೂರು ಸಲ ಮನೆಗ್ ಬಂದು ಪೈಪ್ ತೆಗಿ ಅಂದ. ನಾನೇ ಕೇಳ್ಲಿಲ್ಲ. ಕೇಸು ನನ್ ಮೇಲೆ ಹಾಕ್ಕಳಿ.”

ಸಾಹೇಬರು ಪೆನ್ನು ಕೆಳಗಿಟ್ಟರು. ಮೋಹನನ ಕಡೆ ತಿರುಗಿ ಮೆತ್ತಗೆ ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಅವನು ಕಣ್ಣು ಮುಚ್ಚಿಕೊಂಡ. ಇಷ್ಟು ತಿಂಗಳ ಭಾರ ಇಳಿದರೆ ಯಾರಿಗಾದರೂ ಹಾಗೆಯೇ ಆಗುತ್ತದೆ. ಸಾಹೇಬರು ನನ್ನ ಮಾತನ್ನೆಲ್ಲ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಸತ್ಯ ಬರೆಯಲು ಇಷ್ಟು ತಡ ಮಾಡಿದೆನಲ್ಲ ಎಂದು ಮಾತ್ರ ಬೇಜಾರು. ಬರುವಾಗ ಮೋಹನನ ಬೆನ್ನು ತಟ್ಟಿ ಬಂದೆ.

ಮೋಟಾರು ಕಿತ್ತಿದ್ದಾರೆ, ನನ್ನ ಮೇಲೆ ಕೇಸು ಹಾಕಿದ್ದಾರೆ. ಹಾಕಲಿ. ಯುಗಾದಿಗೆ ಒಳ್ಳೆ ಸುದ್ದಿ ಬಂದೇ ಬರುತ್ತದೆ.

ಪುಟ್ಟರಂಗಯ್ಯ


ಕುಣಿಗಲ್
೧೫ ಮೇ ೨೦೨೫

ಮಾವ,

ಆದೇಶ ಬಂದಿದೆ. ಇವರನ್ನು ಕೆಲಸದಿಂದ ತೆಗೆದಿದ್ದಾರೆ.

ಕಾಯಿಯ ವಿಷಯವನ್ನು ಕೈಬಿಟ್ಟಿದ್ದಾರೆ. ಅದು ತವರಿನ ಉಡುಗೊರೆ ಎಂದು ಒಪ್ಪಿದ್ದಾರೆ. ತೆಗೆದದ್ದು ಬೇರೆ ಕಾರಣಕ್ಕೆ. ಸಂಬಂಧಿಕರ ಅಕ್ರಮ ಮೋಟಾರು ಇರುವುದು ಗೊತ್ತಿದ್ದೂ ಪಟ್ಟಿಯಲ್ಲಿ ಮುಚ್ಚಿಟ್ಟಿದ್ದಾರೆ ಎಂದು ಬರೆದಿದ್ದಾರೆ. ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ, ಮೂರು ಸಲ ಮನೆಗೆ ಬಂದು ಹೇಳಿದ ಎಂಬ ನಿಮ್ಮ ಮಾತು.

ಇವರು ಫೆಬ್ರವರಿಯಲ್ಲಿ ಒಂದು ಹೇಳಿಕೆ ಬರೆದುಕೊಟ್ಟಿದ್ದರು. ಏರಿಯ ಮೇಲೆ ದೇವರ ಕಲ್ಲಿತ್ತು, ಅದರ ಕೆಳಗೆ ಪೈಪು ಇದ್ದದ್ದು ನನಗೆ ತಿಳಿಯಲಿಲ್ಲ ಎಂದು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಆ ನಾಲ್ಕು ಸಾಲು ಬರೆಯಲು ನಾಲ್ಕು ದಿನ ತೆಗೆದುಕೊಂಡರು. ಸಾಹೇಬರು ನಂಬುವ ಹಾಗಿದ್ದರು. ಸ್ಕ್ವಾಡಿನವರೇ ಆ ಕಲ್ಲಿಗೆ ಕೈ ಮುಗಿದಿದ್ದರಲ್ಲ. ಆ ದಿನ ಇವರು ನಿಮಗೆ ಮಾಡಿದ ಸನ್ನೆ, ಮಾತಾಡಬೇಡಿ ಎಂದು.

ನಿಮಗೆ ಇದು ಗೊತ್ತಿರಲಿಲ್ಲ. ನಾನು ತಿಳಿಸಿರಲಿಲ್ಲ. ನಿಮ್ಮ ಎರಡು ಕಾರ್ಡುಗಳು ನನ್ನ ಟೇಬಲಿನ ಮೇಲೇ ಇದ್ದವು ಮಾವ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಕೋಪದಲ್ಲಿ ಬರೆಯಲಿಲ್ಲ. ನಿಮ್ಮನ್ನು ಬೈಯಲು ಕೂತಾಗಲೆಲ್ಲ ಆ ಕಾರ್ಡುಗಳು ಕಣ್ಣಿಗೆ ಬೀಳುತ್ತವೆ.

ಇವರು ತುಮಕೂರಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಸೇರಿದ್ದಾರೆ. ಶೆಟ್ಟಿಹಳ್ಳಿಯಲ್ಲಿ ಇನ್ನಿಬ್ಬರ ಜೊತೆ ರೂಮು. ಭಾನುವಾರ ಬಂದು ಹೋಗುತ್ತಾರೆ. ಅಮ್ಮ ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ಎರಡು ಸಲ ಓದಿಸಿಕೊಂಡರು. 

ಸುಧಾ


ಹೊಸಕಟ್ಟೆಪಾಳ್ಯ
೧೭ ಆಗಸ್ಟ್ ೨೦೨೫

ಮೋಹನ,

ಮೇ ತಿಂಗಳಿಂದ ನಿನಗೆ ಬರೆಯಬೇಕೆಂದು ಕೂರುತ್ತೇನೆ. ಎಷ್ಟೋ ಹಾಳೆ ಹರಿದೆ. ಸುಳ್ಳು ಬರೆದೂ ನಿನ್ನನ್ನು ಕೆಡಿಸಿದೆ, ನಿಜ ಹೇಳಿಯೂ ಕೆಡಿಸಿದೆ. ಮತ್ತೊಮ್ಮೆ ಆ ಕಚೇರಿಗೆ ಹೋಗಿ ಕಾಲಿಗೆ ಬೀಳಲೇ? ಏನು ಹೇಳಬೇಕೋ ನೀನೇ ಬರೆದುಕೊಡು. ಅಷ್ಟನ್ನೇ ಹೇಳುತ್ತೇನೆ.

ಪುಟ್ಟರಂಗಯ್ಯ


ಶೆಟ್ಟಿಹಳ್ಳಿ, ತುಮಕೂರು
೧ ಸೆಪ್ಟೆಂಬರ್ ೨೦೨೫

ಮಾವನವರಿಗೆ,

ನನಗೆ ನಿಮ್ಮ ಹಾಗೆ ಬರೆಯಲು ಬರುವುದಿಲ್ಲ. ಸುಧಾ ಬರೆದುಕೊಡುತ್ತೇನೆ ಎಂದಳು, ಬೇಡವೆಂದೆ.

ನೀವು ಕಚೇರಿಗೆ ಹೋಗಬೇಡಿ. ಅವರು ತಪ್ಪು ಬರೆದಿಲ್ಲ. ನಿಮ್ಮ ಪೈಪು ನನಗೆ ಗೊತ್ತಿತ್ತು. ಪಟ್ಟಿ ಬರೆಯುವಾಗ ನಿಮ್ಮ ತೋಟದ ನಂಬರಿಗೆ ಬಂದು ಪೆನ್ನು ನಿಂತಿತು. ತಿಪ್ಪಯ್ಯನವರ ನಂಬರು ಬರೆದು ಕೆಳಗಿನ ಗೆರೆಗೆ ಹೋದೆ. ನೀವು ಕೈ ಹಿಡಿದದ್ದಕ್ಕೆ ಬಿಟ್ಟೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಹಿಡಿಯದಿದ್ದರೂ ಬಿಡುತ್ತಿದ್ದೆನೇನೋ.

ಈ ವರ್ಷ ನಮ್ಮ ತುದಿಗೆ ನೀರು ಬಂದಿದೆ. ನಿನ್ನೆ ಭಾನುವಾರ ಅತ್ತೆಯನ್ನು, ನಿಮ್ಮ ಅಕ್ಕನನ್ನು, ಕರೆದುಕೊಂಡು ಹೋಗಿ ತೋರಿಸಿದೆ. ಕೈಗೆ ಸಿಗುವಷ್ಟು ಹತ್ತಿರ ಹರಿಯುತ್ತಿತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದರು. “ಮ್ಯಾಲಿನೋರು ಬುಟ್ಟವ್ರೆ,” ಎಂದರು.  ಕಾಯ್ದೆ ಕೆಲಸ ಮಾಡಿದೆ ಮಾವ. ಆ ಮಟ್ಟಿಗೆ ನನಗೆ ಸಂತೋಷವೇ.

ನಮ್ಮ ತುದಿಯಲ್ಲಿ ನಾನು ಮೊದಲು ನೋಡಿಕೊಳ್ಳುತ್ತಿದ್ದ ಜಾಗಕ್ಕೆ ಹೊಸಬ ಬಂದಿದ್ದಾನೆ. ಸೇತುವೆಯ ಗೋಡೆಗೆ ಅಂಕಿ ಬರೆದ ಹಲಗೆ ಇದೆ, ನೀರು ಯಾವ ಅಂಕಿಗೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಕೆಳಗಡೆ ಜೊಂಡು, ಪ್ಲಾಸ್ಟಿಕ್ಕು ಸಿಕ್ಕಿಕೊಂಡು ನೀರು ಹಿಂದಕ್ಕೆ ಕಟ್ಟಿತ್ತು. ಆಗ ಹಲಗೆ ಹೆಚ್ಚು ತೋರಿಸುತ್ತದೆ. ಮೊದಲು ಇಳಿದು ಕಸ ಎಳೆದು, ನೀರು ಸಮವಾದ ಮೇಲೆ ಓದಬೇಕು. ಅವನು ಮೇಲಿಂದಲೇ ನೋಡಿ ಬರೆದುಕೊಂಡ. ಅಷ್ಟು ನೀರು ನಮಗೆ ಬಂತೆಂದು ಲೆಕ್ಕವಾಗುತ್ತದೆ. ಬಂದಿರುವುದಿಲ್ಲ.

ನಾನು ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಒಂದು ಮೆಟ್ಟಿಲು ಇಳಿದಿದ್ದೆ. “ಯಾರ್ರೀ ನೀವು?” ಎಂದು ಅವನು ಮೇಲಿಂದ ಕೇಳಿದ. ಒರಟಾಗಿ ಕೇಳಲಿಲ್ಲ, ಕೇಳಬೇಕಾದ ಹಾಗೆಯೇ ಕೇಳಿದ.

ಮಡಚಿದ್ದನ್ನು ಬಿಚ್ಚಿಕೊಂಡು ಮೇಲೆ ಬಂದೆ. ಅತ್ತೆಯನ್ನು ಕರೆದುಕೊಂಡು ಮನೆಗೆ ಹೋದೆ.

ಮೋಹನ್‌ಕುಮಾರ್